ರೇಚಲ್ ಕಾರ್ಸನ್: ವೈದ್ಯರು ಮುಚ್ಚಿಟ್ಟ ನಿಜ, ಆಕೆ ಬಚ್ಚಿಟ್ಟ ನೋವು

1960ರ ಏಪ್ರಿಲ್ ಮೊದಲ ವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಆಸ್ಪತ್ರೆಯೊಂದಕ್ಕೆ 52 ವರ್ಷದ ಲೇಖಕಿಯೊಬ್ಬರು ದಾಖಲಾದರು. ಎಡ ಸ್ತನದಲ್ಲಿ ಗಂಟುಗಳು ಕಾಣಿಸಿಕೊಂಡಿದ್ದವು. ತೆಗೆಸಿಕೊಂಡು ಬೇಗ ಮನೆಗೆ ಮರಳಿ, ಅರ್ಧಕ್ಕೆ ನಿಂತಿದ್ದ ಪುಸ್ತಕವನ್ನು ಮುಂದುವರಿಸಬೇಕೆಂಬುದು ಅವರ ಎಣಿಕೆ. ಆದರೆ ಶಸ್ತ್ರಚಿಕಿತ್ಸೆ ಮುಗಿದಾಗ ಹೋಗಿದ್ದದ್ದು ಗಂಟುಗಳು ಮಾತ್ರವಲ್ಲ. ಇಡೀ ಸ್ತನ, ಅದರ ಅಡಿಯ ಎದೆಯ ಸ್ನಾಯುಗಳು, ಕಂಕುಳಿನ ದುಗ್ಧರಸ ಗ್ರಂಥಿಗಳು, ಎಲ್ಲವನ್ನೂ ತೆಗೆದುಹಾಕಲಾಗಿತ್ತು.

ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಅವರು ನೇರವಾಗಿಯೇ ಕೇಳಿದರು. ಸಿಕ್ಕ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ. ಕ್ಯಾನ್ಸರಿನ ಗಡಿಯವರೆಗೆ ಬಂದಿದ್ದ ಸ್ಥಿತಿ ಎಂದಷ್ಟೇ ಶಸ್ತ್ರಚಿಕಿತ್ಸಕರು ತಿಳಿಸಿದರು. ಮುಂದಿನ ಚಿಕಿತ್ಸೆ ಯಾವುದೂ ಬೇಕಿಲ್ಲವೆಂದರು. ರೋಗಿ ಆ ಮಾತನ್ನು ನಂಬಿ ಮನೆಗೆ ಹೋದರು. ಗಂಟು ಕ್ಯಾನ್ಸರಿನದೇ ಆಗಿತ್ತೆಂಬ ಸಂಗತಿ ಅವರಿಗೆ ಗೊತ್ತಾದದ್ದು ಎಂಟು ತಿಂಗಳ ನಂತರ, ಬೇರೊಂದು ಊರಿನಲ್ಲಿ, ಬೇರೊಬ್ಬ ವೈದ್ಯರಿಂದ.

ಆಕೆ ರೇಚಲ್ ಕಾರ್ಸನ್. ಮೇಜಿನ ಮೇಲೆ ಅರ್ಧ ಬರೆದಿಟ್ಟಿದ್ದ ಪುಸ್ತಕ ಸೈಲೆಂಟ್ ಸ್ಪ್ರಿಂಗ್. ಕೀಟನಾಶಕಗಳ ಬಗ್ಗೆ ಜಗತ್ತು ಆಲೋಚಿಸುವ ರೀತಿಯನ್ನೇ ಬದಲಿಸಿದ ಈ ಕೃತಿಯ ಹೆಸರು ಪರಿಸರದ ಬಗ್ಗೆ ಒಂದಿಷ್ಟು ಓದಿದವರಿಗೆಲ್ಲ ಗೊತ್ತು. ಅದನ್ನು ಬರೆದ ಕೈ ಎಂಥ ದೇಹಕ್ಕೆ ಸೇರಿತ್ತು, ಆ ದೇಹದ ವಿಷಯದಲ್ಲಿ ಯಾರು ಯಾರು ಏನೇನು ತೀರ್ಮಾನ ಮಾಡಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಹೊಳೆಯ ದಂಡೆಯಿಂದ ಕಡಲಿಗೆ

ಕಾರ್ಸನ್ ಹುಟ್ಟಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅಲೆಘೆನಿ ನದಿಯ ದಂಡೆಯ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ. ತಂದೆ ರಾಬರ್ಟ್, ತಾಯಿ ಮರಿಯಾ. ಜಮೀನಿತ್ತು, ಹಣವಿರಲಿಲ್ಲ. ಮೂವರು ಮಕ್ಕಳಲ್ಲಿ ಕಿರಿಯಳಾದ ರೇಚಲ್‌ಗೆ ಹಕ್ಕಿ, ಹುಳು, ಗಿಡಮರಗಳ ಪರಿಚಯ ಮಾಡಿಸಿದವರು ತಾಯಿ. ಹನ್ನೊಂದನೆಯ ವಯಸ್ಸಿಗೇ ಮಕ್ಕಳ ಪತ್ರಿಕೆಯೊಂದರಲ್ಲಿ ಕಥೆ ಅಚ್ಚಾಯಿತು. ಬರಹಗಾರ್ತಿಯಾಗಬೇಕೆಂದೇ ಕಾಲೇಜು ಸೇರಿದ ಹುಡುಗಿ ನಡುವೆ ಇಂಗ್ಲಿಷ್ ಬಿಟ್ಟು ಜೀವಶಾಸ್ತ್ರದ ಕಡೆ ಹೊರಳಿದಳು. 1929ರಲ್ಲಿ ಪದವಿ, 1932ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಮುಂದೆ ಡಾಕ್ಟರೇಟ್ ಮಾಡುವ ಆಸೆ ಮನೆಯ ಬಡತನದಲ್ಲಿ ಮುರುಟಿತು.

1935ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕಾರ್ಸನ್ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ಜೀವವಿಜ್ಞಾನಿಯಾಗಿ ಕೆಲಸಕ್ಕೆ ಸೇರಿದರು. 1937ರಲ್ಲಿ ಅಕ್ಕ ಮರಿಯನ್ ನಲವತ್ತರ ಹರೆಯದಲ್ಲೇ ಕಣ್ಮುಚ್ಚಿದಾಗ ಆಕೆಯ ಇಬ್ಬರು ಹೆಣ್ಣುಮಕ್ಕಳ ಹೊಣೆಯೂ ತಾಯಿ ಮತ್ತು ಕಾರ್ಸನ್ ಅವರ ಹೆಗಲಿಗೆ ಬಂತು. ಮದುವೆಯಾಗದ ಕಾರ್ಸನ್‌ಗೆ ಸಂಸಾರವೇನೂ ಕಡಿಮೆ ಇರಲಿಲ್ಲ. ಹಗಲು ಕಚೇರಿ, ರಾತ್ರಿ ಬರವಣಿಗೆ. 1941ರಲ್ಲಿ ಬಂದ ಮೊದಲ ಪುಸ್ತಕ ಯುದ್ಧದ ಗದ್ದಲದಲ್ಲಿ ಕಳೆದುಹೋಯಿತು. 1951ರಲ್ಲಿ ಬಂದ ದಿ ಸೀ ಅರೌಂಡ್ ಅಸ್ ಮಾತ್ರ ಅವರ ಬದುಕನ್ನೇ ಬದಲಿಸಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅತಿ ಹೆಚ್ಚು ಮಾರಾಟದ ಪಟ್ಟಿಯಲ್ಲಿ ಅದು 86 ವಾರ ನಿಂತಿತು. 1952ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅದೇ ವರ್ಷ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟು ಕಾರ್ಸನ್ ಪೂರ್ಣಾವಧಿ ಲೇಖಕಿಯಾದರು. ಮೇಯ್ನ್ ರಾಜ್ಯದ ಸೌತ್‌ಪೋರ್ಟ್ ದ್ವೀಪದಲ್ಲಿ, ಕಡಲಿಗೆ ಮುಖ ಮಾಡಿದ ಪುಟ್ಟ ಮನೆಯೊಂದನ್ನು ಕಟ್ಟಿಸಿಕೊಂಡರು. ಅಲ್ಲಿ ಪರಿಚಯವಾದ ಡೊರೊಥಿ ಫ್ರೀಮನ್ ಕೊನೆಯವರೆಗೂ ಅವರ ಆಪ್ತ ಗೆಳತಿ.

ಈ ಯಶಸ್ಸಿನ ಹೊಸ್ತಿಲಲ್ಲೇ, 1950ರಲ್ಲಿ, ಸ್ತನದ ಗಂಟೊಂದನ್ನು ಅವರು ತೆಗೆಸಿಕೊಂಡಿದ್ದರು. ಅದಕ್ಕೂ ಕೆಲವು ವರ್ಷ ಹಿಂದೆ ಇನ್ನೊಂದು ಸಣ್ಣ ಗಂಟು ಹೋಗಿತ್ತು. ಎರಡು ಬಾರಿಯೂ ಹೆದರಬೇಕಾದದ್ದೇನೂ ಇಲ್ಲವೆಂಬ ಭರವಸೆ ಸಿಕ್ಕಿತ್ತು. ಎರಡು ಸಲ ನಿಜವಾಗಿದ್ದ ಭರವಸೆಯನ್ನು ಮೂರನೆಯ ಸಲ ಅನುಮಾನಿಸುವುದು ಯಾರಿಗೂ ಸುಲಭವಲ್ಲ.

1957ರಲ್ಲಿ ಅಕ್ಕನ ಮಗಳೊಬ್ಬಳು ತೀರಿಕೊಂಡಳು. ಆಕೆಯ ಐದು ವರ್ಷದ ಮಗನನ್ನು ಕಾರ್ಸನ್ ದತ್ತು ತೆಗೆದುಕೊಂಡರು. ಆಗ ಅವರಿಗೆ ಐವತ್ತು. 1958ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಪರಿಚಿತೆ ಓಲ್ಗಾ ಹಕಿನ್ಸ್ ಅವರ ಪತ್ರ ಬಂತು: ಸೊಳ್ಳೆ ಕೊಲ್ಲಲೆಂದು ವಿಮಾನದಿಂದ ಸುರಿದ ಡಿಡಿಟಿಗೆ ತಮ್ಮ ತೋಟದ ಹಕ್ಕಿಗಳು ಸತ್ತುಬಿದ್ದ ಕಥೆ ಅದರಲ್ಲಿತ್ತು. ಸೈಲೆಂಟ್ ಸ್ಪ್ರಿಂಗ್ ಮೊಳೆತದ್ದು ಹೀಗೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ತಾಯಿಯೂ ಹೋದರು. ಹೀಗಾಗಿ 1960ರಲ್ಲಿ ಆಸ್ಪತ್ರೆಗೆ ಸೇರುವಾಗ ಮನೆಯಲ್ಲಿ ಇದ್ದದ್ದು ಎಂಟು ವರ್ಷದ ಹುಡುಗ ಮತ್ತು ಮುಗಿಯದ ಹಸ್ತಪ್ರತಿ.

ಅರಿವಳಿಕೆಯಲ್ಲಿ ಆದ ತೀರ್ಮಾನ

ಕಾರ್ಸನ್‌ಗೆ ಆದ ಶಸ್ತ್ರಚಿಕಿತ್ಸೆಯ ಹೆಸರು ರ್‍ಯಾಡಿಕಲ್ ಮಾಸ್ಟೆಕ್ಟಮಿ. ಅದನ್ನು ರೂಢಿಗೆ ತಂದವರು ಜಾನ್ಸ್ ಹಾಪ್ಕಿನ್ಸ್‌ನ ಶಸ್ತ್ರವೈದ್ಯ ವಿಲಿಯಂ ಹಾಲ್ಸ್ಟೆಡ್. 1894ರಲ್ಲಿ ಅವರು ಪ್ರಕಟಿಸಿದ ವರದಿ ಮುಕ್ಕಾಲು ಶತಮಾನ ಕಾಲ ಅಮೆರಿಕದ ವೈದ್ಯರಿಗೆ ವೇದವಾಕ್ಯ. ಕ್ಯಾನ್ಸರ್ ಒಂದು ಕಡೆ ಹುಟ್ಟಿ ಬೇರಿನಂತೆ ಸುತ್ತಲೂ ಚಾಚುತ್ತಾ ಹೋಗುತ್ತದೆ, ಆದ್ದರಿಂದ ಎಷ್ಟು ಅಗಲವಾಗಿ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬುದು ಆ ಸಿದ್ಧಾಂತ. ಪ್ರತಿಫಲವಾಗಿ ಸಾವಿರಾರು ಹೆಂಗಸರು ಗುಳಿಬಿದ್ದ ಎದೆ, ಬಾತ ತೋಳು, ಮೇಲೆತ್ತಲಾಗದ ಕೈಯೊಡನೆ ಬದುಕಿದರು.

ಅದಕ್ಕಿಂತ ವಿಚಿತ್ರವಾದದ್ದು ಅಂದಿನ ಕ್ರಮ. ಗಂಟು ಎಂಥದೆಂದು ಮೊದಲು ಪರೀಕ್ಷಿಸಿ, ರೋಗಿಗೆ ತಿಳಿಸಿ, ನಂತರ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಪದ್ಧತಿ ಆಗ ಇರಲಿಲ್ಲ. ರೋಗಿಗೆ ಅರಿವಳಿಕೆ ಕೊಟ್ಟು ಗಂಟನ್ನು ತೆಗೆಯುತ್ತಿದ್ದರು. ಅದರ ಚೂರನ್ನು ಘನೀಕರಿಸಿ, ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಡಿ ನೋಡುತ್ತಿದ್ದರು. ಅನುಮಾನ ಬಂದರೆ ಆಕೆ ಮೇಜಿನ ಮೇಲೆ ಮಲಗಿರುವಾಗಲೇ ಸ್ತನವನ್ನು ತೆಗೆದುಬಿಡುತ್ತಿದ್ದರು. ಎದ್ದ ಮೇಲೆ ಎದೆಯ ಪಟ್ಟಿಯನ್ನು ಮುಟ್ಟಿ ನೋಡಿಯೇ ಏನಾಗಿದೆಯೆಂದು ತಿಳಿದುಕೊಳ್ಳಬೇಕು. ಸಹಿ ಮೊದಲೇ ಹಾಕಿಸಿಕೊಂಡಿರುತ್ತಿದ್ದರು. ಸಮ್ಮತಿ ಎಂಬುದಕ್ಕೆ ಇದ್ದ ಅರ್ಥ ಅಷ್ಟೇ.

ರೋಗದ ಹೆಸರನ್ನು ಹೇಳದಿರುವುದೂ ಅಂದಿನ ವೈದ್ಯಧರ್ಮದ ಭಾಗ. 1961ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಷಿಕಾಗೊದ ಆಸ್ಪತ್ರೆಯೊಂದರ 219 ವೈದ್ಯರನ್ನು ಪ್ರಶ್ನಿಸಲಾಗಿತ್ತು. ಶೇಕಡಾ 90ರಷ್ಟು ಮಂದಿ ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ತಮ್ಮ ರೂಢಿ ಎಂದಿದ್ದರು. ಹೇಳಿದರೆ ರೋಗಿ ಕುಸಿದುಹೋಗುತ್ತಾರೆ, ಆಸೆ ಕಳೆದುಕೊಳ್ಳುತ್ತಾರೆ ಎಂಬ ಭಯ. ದುರುದ್ದೇಶವೇನೂ ಇರಲಿಲ್ಲ. ರಿಪೋರ್ಟನ್ನು ಮಗನ ಕೈಗೋ ಅಳಿಯನ ಕೈಗೋ ಕೊಟ್ಟು, ಅಮ್ಮನಿಗೆ ಬರೀ ಗಡ್ಡೆಯೆಂದು ಹೇಳಿಸುವ ಪರಿಪಾಠವನ್ನು ಕಂಡ ನಮ್ಮ ಊರುಗಳ ಮನೆಗಳಿಗೆ ಈ ಕರುಣೆಯ ಸ್ವರೂಪವನ್ನು ವಿವರಿಸಿ ಹೇಳಬೇಕಿಲ್ಲ.

ವಿವಾಹಿತೆಯಾಗಿದ್ದರೆ ಗಂಡನಿಗಾದರೂ ವಿಷಯ ತಿಳಿಯುತ್ತಿತ್ತು. ಅಂದಿನ ವಾಡಿಕೆ ಅದು. ಕಾರ್ಸನ್‌ಗೆ ಗಂಡನಿರಲಿಲ್ಲ, ತಂದೆ ತಾಯಿ ಇರಲಿಲ್ಲ. ನಿಜವನ್ನು ಕೇಳಬಲ್ಲ ಒಬ್ಬರೇ ವ್ಯಕ್ತಿಯೆಂದರೆ ಅವರೇ. ಅವರು ಕೇಳಿಯೂ ಇದ್ದರು. ಕೇಳಿದವರು ಯಾರು? ಜೀವಕೋಶಗಳ ಬಗ್ಗೆ, ಅವು ಹಾದಿ ತಪ್ಪುವ ಬಗೆಯ ಬಗ್ಗೆ ಆ ದಿನಗಳಲ್ಲೇ ಅಧ್ಯಾಯಗಳನ್ನು ಬರೆಯುತ್ತಿದ್ದ ಪ್ರಾಣಿಶಾಸ್ತ್ರಜ್ಞೆ. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಲ್ಹೆಲ್ಮ್ ಹ್ಯೂಪರ್ ಅವರಂಥ ತಜ್ಞರೊಡನೆ ಸಮಸಮನಾಗಿ ಚರ್ಚಿಸುತ್ತಿದ್ದವರು. ಅವರಿಗೇ ಈ ಉತ್ತರ ಸಿಕ್ಕಿದ್ದರೆ, ಅಕ್ಷರ ಬಾರದ ಹೆಂಗಸಿಗೆ ಸಿಗುತ್ತಿದ್ದುದು ಏನೆಂದು ಊಹಿಸಬಹುದು.

ಕ್ಲೀವ್‌ಲ್ಯಾಂಡಿನ ಮಾತು

1960ರ ನವೆಂಬರ್‌ನಲ್ಲಿ ಕಾರ್ಸನ್ ಕೈಗೆ, ಶಸ್ತ್ರಚಿಕಿತ್ಸೆಯಾದ ಕಡೆಯೇ, ಪಕ್ಕೆಲುಬಿನ ಮೇಲೆ ಗಟ್ಟಿಯಾದ ಊತವೊಂದು ತಗುಲಿತು. ವಾಷಿಂಗ್ಟನ್ನಿನ ವೈದ್ಯರು ವಿಕಿರಣ ಚಿಕಿತ್ಸೆಯ ಮಾತೆತ್ತಿದರು. ಕ್ಯಾನ್ಸರ್ ಇರಲಿಲ್ಲವೆಂದಾದರೆ ವಿಕಿರಣ ಏತಕ್ಕೆ? ಉತ್ತರ ಮತ್ತೆ ಮಸುಕು. ಈ ಹಂತದಲ್ಲಿ ಅವರು ಮಾಡಿದ ಕೆಲಸ, ಇಂದು ಎರಡನೆಯ ಅಭಿಪ್ರಾಯ ಎಂದು ನಾವು ಸಲೀಸಾಗಿ ಹೇಳುವಂಥದು. ಅಂದು ಅದು ಸಾಮಾನ್ಯವಾಗಿರಲಿಲ್ಲ. ತಮ್ಮ ವೈದ್ಯರ ಮೇಲೆ ಅವಿಶ್ವಾಸ ಸೂಚಿಸಿದಂತೆಯೇ ಸರಿ.

ಓಹಿಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಜೂನಿಯರ್ ಅವರ ಪರಿಚಯ ಕಾರ್ಸನ್‌ಗೆ ಮೊದಲೇ ಇತ್ತು. ಕ್ರೈಲ್ ಮತ್ತು ಅವರ ಪತ್ನಿ ಜೇನ್ ಕಡಲ ಮುಳುಗಾಟದ ಹುಚ್ಚಿನವರು, ಆ ಬಗ್ಗೆ ಜೊತೆಯಾಗಿ ಪುಸ್ತಕ ಬರೆದವರು. ಆದರೆ ವೈದ್ಯಲೋಕದಲ್ಲಿ ಕ್ರೈಲ್ ಹೆಸರಾಗಿದ್ದುದು ಬೇರೊಂದು ಕಾರಣಕ್ಕೆ. 1955ರಲ್ಲಿ ಬರೆದ ಕ್ಯಾನ್ಸರ್ ಅಂಡ್ ಕಾಮನ್ ಸೆನ್ಸ್ ಎಂಬ ಪುಸ್ತಕದಲ್ಲಿ ಅವರು ಕ್ಯಾನ್ಸರಿನ ಸುತ್ತ ವೈದ್ಯರೇ ಹಬ್ಬಿಸಿದ ಭೀತಿಯನ್ನೂ ಅತಿರೇಕದ ಶಸ್ತ್ರಚಿಕಿತ್ಸೆಗಳನ್ನೂ ಟೀಕಿಸಿದ್ದರು. ಹಾಲ್ಸ್ಟೆಡ್ ವಿಧಾನವನ್ನು ಸ್ವತಃ ಕೈಬಿಟ್ಟು, ಚಿಕ್ಕ ಶಸ್ತ್ರಚಿಕಿತ್ಸೆಗಳೇ ಸಾಕೆಂದು ವಾದಿಸುತ್ತಿದ್ದರು. ಸಹೋದ್ಯೋಗಿಗಳ ಪಾಲಿಗೆ ಅವರು ಧರ್ಮದ್ರೋಹಿ. ಆ ಕ್ಲಿನಿಕ್ ಸ್ಥಾಪಕರಲ್ಲಿ ಒಬ್ಬರಾದ ಪ್ರಸಿದ್ಧ ವೈದ್ಯರ ಮಗನೇ ಹೀಗೆ ಮಾತಾಡುತ್ತಿದ್ದುದು ಗಾಯಕ್ಕೆ ಉಪ್ಪು.

ಡಿಸೆಂಬರ್‌ನಲ್ಲಿ ಕಾರ್ಸನ್ ಕ್ಲೀವ್‌ಲ್ಯಾಂಡಿಗೆ ಹೋದರು. ಕ್ರೈಲ್ ಹಳೆಯ ದಾಖಲೆಗಳನ್ನು ನೋಡಿದರು, ರೋಗಿಯನ್ನು ಪರೀಕ್ಷಿಸಿದರು. ನಂತರ ಎದುರಿಗೆ ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದರು. ಏಪ್ರಿಲ್‌ನಲ್ಲಿ ತೆಗೆದದ್ದು ಕ್ಯಾನ್ಸರ್ ಗಂಟೇ. ಈಗಿನ ಊತ ಅದರ ಹರಡುವಿಕೆ.

ಸುದ್ದಿ ಕೆಟ್ಟದ್ದು. ಆದರೂ ಅದರ ನಂತರ ಕಾರ್ಸನ್ ಕ್ರೈಲ್‌ಗೆ ಬರೆದ ಪತ್ರಗಳಲ್ಲಿ ಕಾಣುವುದು ಕುಸಿದ ಹೆಂಗಸಲ್ಲ, ನಿಜ ತಿಳಿದ ಸಮಾಧಾನದಲ್ಲಿ ಲೆಕ್ಕ ಹಾಕುತ್ತಿರುವ ವಿಜ್ಞಾನಿ. ಆಯ್ಕೆಗಳು ಯಾವುವು, ಯಾವುದಕ್ಕೆ ಎಷ್ಟು ಬೆಲೆ ತೆರಬೇಕು, ಯಾವುದರಿಂದ ಎಷ್ಟು ಸಮಯ ಸಿಕ್ಕೀತು ಎಂಬ ಪ್ರಶ್ನೆಗಳು. ಅಗತ್ಯವಿರುವ ಚಿಕಿತ್ಸೆಗೆ ತಾನು ಸಿದ್ಧ, ಅದರಾಚೆಗೆ ಬೇಡ ಎಂಬುದು ಅವರು ತಾಳಿದ ನಿಲುವು. ಕ್ರೈಲ್ ಅವರ ನಿಲುವೂ ಹೆಚ್ಚು ಕಡಿಮೆ ಅದೇ. ರೋಗಿ ಮತ್ತು ವೈದ್ಯರು ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತು ತೀರ್ಮಾನಿಸಿದ ಅಪರೂಪದ ಸಂದರ್ಭ ಅದು. ವಿಕಿರಣ ಪಡೆಯುವುದು, ವಾಷಿಂಗ್ಟನ್ನಿನಲ್ಲೇ ಪಡೆಯುವುದು, ನಡುನಡುವೆ ಬರವಣಿಗೆ ನಿಲ್ಲದಂತೆ ನೋಡಿಕೊಳ್ಳುವುದು ಎಂದು ಗೊತ್ತಾಯಿತು.

ಇದರಲ್ಲೊಂದು ವಿಪರ್ಯಾಸವೂ ಇತ್ತು. ವಿಕಿರಣ ಹಾಗೂ ರಾಸಾಯನಿಕಗಳು ಜೀವಕೋಶದ ಆಳಕ್ಕಿಳಿದು ಮಾಡುವ ಹಾನಿಯನ್ನು ಕಾರ್ಸನ್ ತಮ್ಮ ಪುಸ್ತಕದಲ್ಲಿ ಜೊತೆಜೊತೆಯಾಗಿ ಇಟ್ಟು ವಿವರಿಸುತ್ತಿದ್ದರು. ನಮ್ಮ ಕಡೆ ಜನ ಕರೆಂಟ್ ಕೊಡಿಸುವುದು ಎನ್ನುವ ಆ ಚಿಕಿತ್ಸೆಗೆ ಅವರು ಮೈಯೊಡ್ಡಿದ್ದು ಅದರ ಎರಡೂ ಮುಖಗಳನ್ನು ತಿಳಿದೇ.

ಏಪ್ರಿಲ್‌ನಲ್ಲೇ ನಿಜ ಹೇಳಿ, ಆಗಲೇ ವಿಕಿರಣ ಕೊಟ್ಟಿದ್ದರೆ ಅವರು ಬದುಕುತ್ತಿದ್ದರೇ? ಹೌದೆನ್ನಲು ಆಧಾರವಿಲ್ಲ. ರೋಗ ಅಷ್ಟರಲ್ಲೇ ಎದೆಯಾಚೆ ದಾಟಿದ್ದಿರಬಹುದು. ಇಂದಿನಂತೆ ಹಾರ್ಮೋನ್ ಗ್ರಾಹಿಗಳ ಪರೀಕ್ಷೆ ಆಗ ಇರಲಿಲ್ಲ; ಟ್ಯಾಮಾಕ್ಸಿಫೆನ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1977ರಲ್ಲಿ. ಕಾರ್ಸನ್ ಖಂಡಿತವಾಗಿ ಕಳೆದುಕೊಂಡದ್ದು ಎಂಟು ತಿಂಗಳ ಆಯ್ಕೆಯ ಹಕ್ಕನ್ನು. ಉಳಿದ ಕಾಲ ಎಷ್ಟೆಂದು ಗೊತ್ತಿದ್ದರೆ ಆ ಎಂಟು ತಿಂಗಳನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದನ್ನು ಅವರೇ ನಿರ್ಧರಿಸುತ್ತಿದ್ದರು.

ಕ್ರೈಲ್ ಅವರ ವಾದ ಗೆಲ್ಲಲು ಇನ್ನೂ ಕಾಲು ಶತಮಾನ ಬೇಕಾಯಿತು. ಪಿಟ್ಸ್‌ಬರ್ಗ್‌ನ ಶಸ್ತ್ರವೈದ್ಯ ಬರ್ನಾರ್ಡ್ ಫಿಷರ್ 1971ರಲ್ಲಿ ಆರಂಭಿಸಿದ ಪ್ರಯೋಗ, ಹಾಲ್ಸ್ಟೆಡ್ ಶಸ್ತ್ರಚಿಕಿತ್ಸೆಯಿಂದ ಹೆಚ್ಚುವರಿ ಆಯುಷ್ಯವೇನೂ ಸಿಗುವುದಿಲ್ಲವೆಂದು ತೋರಿಸಿತು. ಇಟಲಿಯಲ್ಲಿ ಉಂಬರ್ತೊ ವೆರೊನೇಸಿ 1981ರಲ್ಲಿ ಪ್ರಕಟಿಸಿದ, ಫಿಷರ್ ತಂಡ 1985ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇನ್ನೂ ಮುಂದೆ ಹೋದವು: ಗಂಟು ಚಿಕ್ಕದಿದ್ದಾಗ ಅದನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ, ಇಡೀ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ. ಒಂದೇ ಅರಿವಳಿಕೆಯಲ್ಲಿ ಪರೀಕ್ಷೆ ಮತ್ತು ಸ್ತನಚ್ಛೇದನ ಎರಡನ್ನೂ ಮುಗಿಸುವ ಕ್ರಮದ ವಿರುದ್ಧ ರೋಸ್ ಕುಷ್ನರ್ ಎಂಬ ಪತ್ರಕರ್ತೆ, ತಾವೇ ರೋಗಿಯಾದ 1974ರಿಂದ ಹೋರಾಡಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಆ ಕ್ರಮ ನಿಲ್ಲಬೇಕೆಂದಿತು. ಕಾರ್ಸನ್ ಅಷ್ಟರಲ್ಲಿ ತೀರಿಹೋಗಿ ಹದಿನೈದು ವರ್ಷವಾಗಿತ್ತು.

ರೋಗದೊಡನೆ ಓಟ

1961ರ ಆರಂಭದಲ್ಲಿ ವಿಕಿರಣ ಶುರುವಾಯಿತು. ವಾಕರಿಕೆ, ಸುಸ್ತು. ಅದರ ಬೆನ್ನಿಗೇ ಸೋಂಕು ತಗುಲಿ ಮಂಡಿ, ಹರಡುಗಳು ಬಾತು ನಡೆಯಲಾಗದಂತಾಯಿತು. ಹಾಸಿಗೆಯಲ್ಲೇ ಬರೆದರು. ಆ ವರ್ಷದ ಕೊನೆಗೆ ಕಣ್ಣಿನ ಉರಿಯೂತ ಬಂದು ಓದುವುದೂ ಅಸಾಧ್ಯವಾದಾಗ, ಸಹಾಯಕಿ ಜೀನ್ ಡೇವಿಸ್ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಕಾರ್ಸನ್ ಕೇಳಿಸಿಕೊಂಡು ತಿದ್ದುಪಡಿ ಹೇಳುತ್ತಿದ್ದರು. ಕ್ಯಾನ್ಸರ್ ಕುರಿತ ಅಧ್ಯಾಯವೂ ಹೀಗೆ ಮುಗಿದದ್ದೇ. ಪ್ರತಿ ನಾಲ್ವರಲ್ಲಿ ಒಬ್ಬರಿಗೆ ಎಂಬ ಅರ್ಥದ ತಲೆಬರಹವಿರುವ ಆ ಅಧ್ಯಾಯದಲ್ಲಿ ಲೇಖಕಿಯ ಸ್ವಂತ ಅನುಭವದ ಸುಳಿವು ಒಂದು ಸಾಲಿನಲ್ಲೂ ಇಲ್ಲ. ಓದುಗರು ಆ ಪುಟಗಳನ್ನು ಈಗ ತಿರುವಿದರೆ ಅಲ್ಲಿನ ಸಂಯಮಕ್ಕೆ ಬೆರಗಾಗುತ್ತಾರೆ.

1962ರ ಜನವರಿಯಲ್ಲಿ ಹಸ್ತಪ್ರತಿಯ ಬಹುಭಾಗ ನ್ಯೂಯಾರ್ಕರ್ ಪತ್ರಿಕೆಯ ಸಂಪಾದಕ ವಿಲಿಯಂ ಶಾನ್ ಅವರ ಕೈ ಸೇರಿತು. ಕೆಲವೇ ತಿಂಗಳಲ್ಲಿ ಕಂಕುಳಲ್ಲಿ ಹೊಸ ಗಂಟು, ಮತ್ತೆ ವಿಕಿರಣ. ಜೂನ್‌ನಲ್ಲಿ ಪತ್ರಿಕೆಯಲ್ಲಿ ಮೂರು ಕಂತುಗಳು ಪ್ರಕಟವಾಗುತ್ತಿದ್ದಂತೆ ಕೀಟನಾಶಕ ಉದ್ಯಮ ಎದ್ದು ಕುಳಿತಿತು. ಕಂಪೆನಿಯೊಂದು ಪ್ರಕಾಶಕರಿಗೆ ಮೊಕದ್ದಮೆಯ ಬೆದರಿಕೆ ಹಾಕಿತು. ಸೆಪ್ಟೆಂಬರ್ 27ರಂದು ಪುಸ್ತಕ ಹೊರಬಂತು. ಉನ್ಮಾದದ ಹೆಂಗಸು, ಬೆಕ್ಕು ಹಕ್ಕಿಗಳ ಮೇಲೆ ಜೀವ ಬಿಡುವ ಅವಿವಾಹಿತೆ, ಮಕ್ಕಳಿಲ್ಲದವಳಿಗೆ ಮುಂದಿನ ಪೀಳಿಗೆಯ ಚಿಂತೆ ಏಕೆ ಎಂಬ ಮಟ್ಟದ ಕುಹಕಗಳೂ ಕೇಳಿಬಂದವು.

ಕಾರ್ಸನ್ ತಮ್ಮ ಕಾಯಿಲೆಯನ್ನು ಬಚ್ಚಿಟ್ಟದ್ದು ಈ ಕಾರಣಕ್ಕೆ. ರಾಸಾಯನಿಕಗಳಿಂದ ಕ್ಯಾನ್ಸರ್ ಬರಬಹುದೆಂದು ವಾದಿಸುವಾಕೆಗೇ ಕ್ಯಾನ್ಸರ್ ಇದೆಯೆಂದು ಗೊತ್ತಾದರೆ, ಸಾಕ್ಷ್ಯಾಧಾರಗಳ ಮೇಲೆ ನಿಂತ ಪುಸ್ತಕವನ್ನು ರೋಗಿಯೊಬ್ಬಳ ಗೋಳಾಟವೆಂದು ತಳ್ಳಿಹಾಕುವುದು ಸುಲಭ. ಗೆಳತಿ ಡೊರೊಥಿ, ವೈದ್ಯರು, ಹತ್ತಿರದ ಬೆರಳೆಣಿಕೆಯ ಮಂದಿ, ಇಷ್ಟು ಜನಕ್ಕೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದವರಿಂದಲೂ ಬಾಯಿಬಿಡದ ಮಾತು ಪಡೆದರು. ಕುಂಟುವುದು ಕಂಡು ಕೇಳಿದವರಿಗೆ ಸಂಧಿವಾತ ಎನ್ನುತ್ತಿದ್ದರು. ಸಂಧಿವಾತವೂ ಇದ್ದದ್ದರಿಂದ ಅದು ಪೂರಾ ಸುಳ್ಳಲ್ಲ. ಹೊರಗೆ ಹೋಗುವಾಗ ವಿಗ್ ಧರಿಸಿದರು. ಅವರ ವೈದ್ಯರು ನಿಜ ಮುಚ್ಚಿಟ್ಟದ್ದಕ್ಕೂ ಅವರು ಮುಚ್ಚಿಟ್ಟದ್ದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಇನ್ನೊಬ್ಬರ ದೇಹದ ಸುದ್ದಿ, ಎರಡನೆಯದು ಸ್ವಂತದ್ದು.

ಸಿಬಿಎಸ್ ಟಿವಿಯ ಎರಿಕ್ ಸೆವರೈಡ್ ಸಂದರ್ಶನಕ್ಕೆ ಬಂದಾಗ ಅವರು ತುಂಬ ದಣಿದಿದ್ದರು. ಕಾರ್ಯಕ್ರಮ 1963ರ ಏಪ್ರಿಲ್ 3ರಂದು ಪ್ರಸಾರವಾಯಿತು. ಐವರು ಪ್ರಾಯೋಜಕರಲ್ಲಿ ಮೂವರು ಅಷ್ಟರಲ್ಲಿ ಹಿಂದೆ ಸರಿದಿದ್ದರು. ಪರದೆಯ ಮೇಲೆ ಜನ ಕಂಡದ್ದು ಮೆಲುದನಿಯ, ಗಂಭೀರ ಮುಖದ ವಿಜ್ಞಾನಿಯನ್ನು. ಮೇ 15ರಂದು ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಹೊರಬಿದ್ದು, ಕಾರ್ಸನ್ ಎತ್ತಿದ ಆತಂಕಗಳನ್ನು ಬಹುಮಟ್ಟಿಗೆ ಸಮರ್ಥಿಸಿತು. ಜೂನ್ 4ರಂದು ಸೆನೆಟರ್ ಅಬ್ರಹಾಂ ರಿಬಿಕಾಫ್ ಅಧ್ಯಕ್ಷತೆಯ ಉಪಸಮಿತಿಯ ಮುಂದೆ ಅವರು ಸಾಕ್ಷ್ಯ ನುಡಿದರು. ತಮ್ಮ ಮನೆಯೊಳಗೆ ಇತರರು ಸಿಂಪಡಿಸುವ ವಿಷ ನುಗ್ಗದಂತೆ ಇರುವ ನಾಗರಿಕನ ಹಕ್ಕನ್ನು ಅಲ್ಲಿ ಪ್ರತಿಪಾದಿಸಿದರು. ಜನರ ಮೈಗೆ ಏನು ತಗಲುತ್ತಿದೆಯೆಂದು ಜನರಿಗೆ ತಿಳಿಸಬೇಕೆಂಬ ಒತ್ತಾಯ ಅವರ ಪುಸ್ತಕದುದ್ದಕ್ಕೂ ಇದೆ. ಅಂದು ಅವರನ್ನು ಪ್ರಶ್ನಿಸಿದ ಸೆನೆಟರ್‌ಗಳಿಗೆ ಆ ಮಾತಿನ ಇನ್ನೊಂದು ಅರ್ಥ ಗೊತ್ತಿರಲಿಲ್ಲ.

ಕೊನೆಯ ಆಯ್ಕೆಗಳು

1963ರ ಮೊದಲ ತಿಂಗಳುಗಳಲ್ಲೇ ಹೃದಯದ ನೋವೂ ಸೇರಿಕೊಂಡಿತ್ತು. ಬೆನ್ನು, ಸೊಂಟದ ಮೂಳೆಗಳಿಗೆ ರೋಗ ಹಬ್ಬುತ್ತಿತ್ತು. ಇನ್ನೇನು ದಾರಿಯಿದೆಯೆಂದು ಹುಡುಕುವ ಹಂತದಲ್ಲಿ ಕ್ರೆಬಿಯೋಜೆನ್ ಎಂಬ ಮದ್ದಿನ ಕಡೆಗೂ ಅವರ ಗಮನ ಹೋಯಿತು. ಅಂದು ಅಮೆರಿಕದಲ್ಲಿ ಭಾರಿ ಸುದ್ದಿ ಮಾಡಿದ್ದ, ಪುರಾವೆಯಿಲ್ಲದ ಔಷಧ ಅದು. ಕ್ರೈಲ್ ಅವರನ್ನು ವಿಚಾರಿಸಿದರು. ಆಧಾರವಿಲ್ಲದ್ದನ್ನು ನಂಬದ ವಿಜ್ಞಾನಿಯೂ ಇಂಥ ಬಾಗಿಲನ್ನು ತಟ್ಟಿನೋಡುವ ಗಳಿಗೆ ಬರುತ್ತದೆ. ಅದೇ ವರ್ಷ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆ ಕ್ರೆಬಿಯೋಜೆನ್ ಪುಡಿಯನ್ನು ಪರೀಕ್ಷಿಸಿದಾಗ ಅದು ದೇಹದಲ್ಲೇ ಇರುವ ಸಾಮಾನ್ಯ ವಸ್ತುವಾದ ಕ್ರಿಯೇಟಿನ್ ಎಂದು ತಿಳಿಯಿತು.

ಕ್ರೈಲ್ ಅವರ ಮನೆಯಲ್ಲೂ ಅದೇ ರೋಗ. ಪತ್ನಿ ಜೇನ್ 1963ರ ಜನವರಿಯಲ್ಲಿ ಸ್ತನ ಕ್ಯಾನ್ಸರಿನಿಂದಲೇ ತೀರಿಕೊಂಡರು. ರೋಗಿಗೆ ನಿಜ ಹೇಳಬೇಕೆಂದು ವಾದಿಸಿದ ವೈದ್ಯ ಆ ನಿಜದ ಭಾರವನ್ನು ಸ್ವತಃ ಹೊತ್ತವರು.

ಅಕ್ಟೋಬರ್‌ನಲ್ಲಿ ಕಾರ್ಸನ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಪರಿಸರ ಮಾಲಿನ್ಯದ ಬಗ್ಗೆ ದೀರ್ಘ ಉಪನ್ಯಾಸ ನೀಡಿದರು. ಅಲ್ಲಿನ ಮ್ಯೂರ್ ವುಡ್ಸ್‌ನ ದೈತ್ಯ ರೆಡ್‌ವುಡ್ ಮರಗಳನ್ನು ಕಾಣುವುದು ಬಹುದಿನದ ಬಯಕೆ. ಗಾಲಿಕುರ್ಚಿಯಲ್ಲಿ ಕುಳಿತೇ ನೋಡಿದರು. ಡಿಸೆಂಬರ್‌ನಲ್ಲಿ ಆಡುಬಾನ್ ಸೊಸೈಟಿಯ ಪದಕ ಸೇರಿದಂತೆ ಸಾಲುಸಾಲು ಗೌರವಗಳು ಬಂದವು.

1964ರ ಆರಂಭದಲ್ಲಿ ರುಚಿ, ವಾಸನೆಗಳ ಅರಿವು ಹೋಯಿತು. ಯಕೃತ್ತಿಗೂ ರೋಗ ತಲುಪಿತು. ಉಳಿದಿದ್ದ ಒಂದೇ ಉಪಾಯವೆಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ವಿಕಿರಣಶೀಲ ಇಟ್ರಿಯಂನಿಂದ ನಾಶಮಾಡುವುದು. ಕೆಲವು ಸ್ತನ ಕ್ಯಾನ್ಸರ್‌ಗಳು ಹಾರ್ಮೋನುಗಳನ್ನು ಉಂಡು ಬೆಳೆಯುತ್ತವೆ, ಅವುಗಳ ಮೂಲವನ್ನೇ ಬತ್ತಿಸಿದರೆ ರೋಗ ಸೊರಗಬಹುದೆಂಬ ತರ್ಕ. ಮುಂದೆ ಗುಳಿಗೆಗಳು ಮಾಡಲಿದ್ದ ಕೆಲಸವನ್ನು ಅಂದು ತಲೆಯೊಳಗೆ ಸೂಜಿ ಇಳಿಸಿ ಮಾಡಬೇಕಿತ್ತು. ಅಪಾಯ ಗೊತ್ತಿತ್ತು, ಫಲ ಸಿಗುವ ಸಂಭವ ಕಡಿಮೆಯೆಂಬುದೂ ಗೊತ್ತಿತ್ತು. ಮಾರ್ಚ್‌ನಲ್ಲಿ ಅವರು ಕ್ಲೀವ್‌ಲ್ಯಾಂಡಿಗೆ ಹೋಗಿ ಅದನ್ನೂ ಮಾಡಿಸಿಕೊಂಡರು. ಬೇಕಾದಷ್ಟೇ ಸಾಕು ಎನ್ನುತ್ತಿದ್ದವರು ಇದಕ್ಕೇಕೆ ಒಪ್ಪಿದರು ಎಂದು ಕೇಳಬಹುದು. ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನಿದ್ದ. ಬೇಕಾದಷ್ಟು ಎಂಬುದರ ಅಳತೆಗೋಲು ದಿನದಿನಕ್ಕೆ ಬದಲಾಗುವಂಥದು.

ಶಸ್ತ್ರಚಿಕಿತ್ಸೆಯ ನಂತರ ಸ್ಥಿತಿ ಬಿಗಡಾಯಿಸಿತು. ಏಪ್ರಿಲ್ ಮೊದಲ ವಾರ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನ ಮನೆಗೆ ಮರಳಿದರು. ಏಪ್ರಿಲ್ 14ರಂದು ಅಲ್ಲೇ ಹೃದಯಾಘಾತದಿಂದ ಕೊನೆಯುಸಿರೆಳೆದರು. 57 ತುಂಬಲು ಆರು ವಾರ ಬಾಕಿಯಿತ್ತು. ವಾಷಿಂಗ್ಟನ್ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು. ಚಿತಾಭಸ್ಮದ ಒಂದು ಪಾಲನ್ನು ಡೊರೊಥಿ ಫ್ರೀಮನ್ ಮೇಯ್ನ್ ಕಡಲ ಬಂಡೆಗಳ ಬಳಿ ತೂರಿದರು. ಅಮೆರಿಕದಲ್ಲಿ ಡಿಡಿಟಿಯ ಕೃಷಿ ಬಳಕೆ ನಿಷೇಧವಾದದ್ದು 1972ರಲ್ಲಿ, ಭಾರತದಲ್ಲಿ 1989ರಲ್ಲಿ.

ಆಕೆಗೆ ಕ್ಯಾನ್ಸರ್ ಇತ್ತೆಂದು ಸಾರ್ವಜನಿಕರು ಓದಿದ್ದು ನಿಧನದ ಸುದ್ದಿಯಲ್ಲಿ. ಏಪ್ರಿಲ್ 1960ರ ಮುಚ್ಚುಮರೆಯ ಕಥೆ ಹೊರಬರಲು ಇನ್ನೂ ಮೂರು ದಶಕ ಹಿಡಿಯಿತು. ಡೊರೊಥಿಯೊಡನೆ ನಡೆಸಿದ ಪತ್ರವ್ಯವಹಾರ 1995ರಲ್ಲಿ, ಲಿಂಡಾ ಲಿಯರ್ ಬರೆದ ಜೀವನಚರಿತ್ರೆ 1997ರಲ್ಲಿ ಪ್ರಕಟವಾದವು. ಕ್ರೈಲ್ ಜೊತೆಗಿನ ಪತ್ರಗಳನ್ನು ಎಲೆನ್ ಲಿಯೊಪೋಲ್ಡ್ 1999ರಲ್ಲಿ, ಸ್ತನ ಕ್ಯಾನ್ಸರ್ ಮತ್ತು ಅಮೆರಿಕದ ಮಹಿಳೆಯರ ಚರಿತ್ರೆ ಕುರಿತ ತಮ್ಮ ಪುಸ್ತಕದಲ್ಲಿ ಸೇರಿಸಿದರು. ಷಿಕಾಗೊದ ಆ ಹಳೆಯ ಪ್ರಶ್ನಾವಳಿಯನ್ನು ಇನ್ನೊಂದು ತಂಡ ಅಮೆರಿಕದ ವೈದ್ಯರ ಮುಂದೆ ಮತ್ತೆ ಇಟ್ಟು 1979ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ರೋಗಿಗೆ ಹೇಳುತ್ತೇವೆ ಎಂದವರು ಶೇಕಡಾ 97.